ನುಗ್ಗೇಹಳ್ಳಿಯ ಬಯಲಿನಿಂದ ಹಾರಬೇಕಾದರೆ

ರಾಗಿಯ ಕೊಯ್ಲು ಮುಗಿದ ಮೇಲೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಸುತ್ತ ಹೊಲಗಳು ಬಯಲಾಗುತ್ತವೆ. ಈ ಊರು 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಿಂದ ಪ್ರಸಿದ್ಧವಾದುದು. ಇಂಥ ಬಯಲಿನಿಂದ ಯಂತ್ರಸಹಿತ ಪ್ಯಾರಾಗ್ಲೈಡರಿನಲ್ಲಿ ಕ್ಷೇಮವಾಗಿ ಮೇಲೇರಲು ಏನೇನು ಬೇಕೆಂಬುದನ್ನು ವಿಚಾರಮಾಡೋಣ.

ಈ ಸಾಧನದ ರೆಕ್ಕೆ ಬರಿಯ ಬಟ್ಟೆ. ಮುಂದಂಚಿನ ಬಾಯಿಗಳಿಂದ ಗಾಳಿಯು ಒಳಹೊಕ್ಕು ಅದರ ಕೋಶಗಳನ್ನು ಉಬ್ಬಿಸಿದಾಗಲೇ ಅದಕ್ಕೆ ಆಕಾರ ಬರುತ್ತದೆ. ಈ ಬಗೆಯ ರೆಕ್ಕೆಯನ್ನು 1964ರಲ್ಲಿ ರೂಪಿಸಿದವನು ಅಮೆರಿಕದ ಡೊಮಿನಾ ಜಾಲ್ಬರ್ಟ್. 1978ರಲ್ಲಿ ಫ್ರಾನ್ಸಿನ ಮ್ಯುಸ್ಸಿ ಎಂಬಲ್ಲಿ ಬೆಟ್ಟದಿಂದ ಓಡಿ ಹಾರುವ ಕ್ರೀಡೆ ಆರಂಭವಾಯಿತು. ಬಯಲುಸೀಮೆಯಲ್ಲಿ ಬೆಟ್ಟದ ಕೆಲಸವನ್ನು ಬೆನ್ನಿಗೆ ಕಟ್ಟಿಕೊಂಡ ಎಂಜಿನ್ನು ಮಾಡುತ್ತದೆ.

ಈಗ ಸ್ವಲ್ಪ ಲೆಕ್ಕ. ಮನುಷ್ಯ 65, ಎಂಜಿನ್ನು ಮತ್ತು ಇಂಧನ 28, ರೆಕ್ಕೆ ಮೊದಲಾದುವು 7. ಒಟ್ಟು 100 ಕಿಲೋಗ್ರಾಮ್ ಎನ್ನೋಣ. ಎತ್ತುವ ಬಲವು ಗಾಳಿಯ ಸಾಂದ್ರತೆ, ರೆಕ್ಕೆಯ ವಿಸ್ತೀರ್ಣ, ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧವನ್ನು ಒಂದು ಗುಣಾಂಕದಿಂದ ಗುಣಿಸಿದಷ್ಟು. ವಿಸ್ತೀರ್ಣ 25 ಚದರ ಮೀಟರ್, ನೆಲಬಿಡುವಾಗಿನ ಗುಣಾಂಕ 1 ಎಂದಿಟ್ಟುಕೊಳ್ಳೋಣ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಈ ಪ್ರದೇಶದಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದಾಗ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಲೋಗ್ರಾಮ್. ಆಗ ಬೇಕಾಗುವ ವೇಗ ಸೆಕೆಂಡಿಗೆ 8.6 ಮೀಟರ್; ಅದೇ ಉಷ್ಣತೆಯ ಕಡಲತೀರದಲ್ಲಿ ಬೇಕಾಗುವುದಕ್ಕಿಂತ ನೂರಕ್ಕೆ ಐದರಷ್ಟು ಹೆಚ್ಚು.

ಈ ವೇಗವು ಗಾಳಿಗೆ ಸಂಬಂಧಿಸಿದ್ದೇ ಹೊರತು ನೆಲಕ್ಕಲ್ಲ. ಎದುರಿನಿಂದ ಸೆಕೆಂಡಿಗೆ 3 ಮೀಟರಿನ ಗಾಳಿ ಬೀಸುತ್ತಿದ್ದರೆ ನಾವು 5.6 ಮೀಟರಿನಂತೆ ಓಡಿದರೆ ಸಾಕು. ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ 11.6 ಮೀಟರ್ ಬೇಕು. ಎಂದರೆ ನೂರು ಮೀಟರನ್ನು 8.6 ಸೆಕೆಂಡಿನಲ್ಲಿ ಮುಗಿಸಬೇಕು. 2009ರಲ್ಲಿ ಉಸೇನ್ ಬೋಲ್ಟನು ಬೆನ್ನಮೇಲೆ ಯಾವ ಭಾರವೂ ಇಲ್ಲದೆ 9.58 ಸೆಕೆಂಡು ತೆಗೆದುಕೊಂಡನು! ಗಾಳಿಯೇ ಇಲ್ಲದಾಗ ಎಂಜಿನ್ನಿನ ನೂಕುಬಲ ಓಟಕ್ಕೆ ನೆರವಾಗುವುದು ನಿಜ. ಆದರೆ ಅರ್ಧ ವೇಗದಲ್ಲಿ ರೆಕ್ಕೆಯು ಹೊರುವುದು ಭಾರದ ಅರ್ಧವನ್ನಲ್ಲ, ಕಾಲುಭಾಗವನ್ನು ಮಾತ್ರ. ಆದುದರಿಂದ ಕಾಲು ನೆಲಬಿಡುವ ಮೊದಲೇ ಆಸನದಲ್ಲಿ ಕುಳಿತುಬಿಟ್ಟವನು ಎಂಜಿನ್ನಿನೊಡನೆ ನೆಲಕ್ಕೆ ಬೀಳುತ್ತಾನೆ. ರೆಕ್ಕೆ ನೇರವಾಗಿ ತಲೆಯ ಮೇಲೆ ಬಂದು ನಿಂತಿದೆಯೆ, ಹಗ್ಗಗಳು ಬಿಡಿಯಾಗಿವೆಯೆ ಎಂದು ನೋಡಿದ ಬಳಿಕವೇ ಪೂರ್ಣ ಶಕ್ತಿ ಕೊಡತಕ್ಕದ್ದು. ಓರೆಯಾಗಿದ್ದರೆ ಆ ಓಟವನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು.

ಹಾರಲು ತಕ್ಕ ಕಾಲ ಸೂರ್ಯೋದಯದ ನಂತರದ ಒಂದೆರಡು ಗಂಟೆ, ಇಲ್ಲವೆ ಇಳಿಹೊತ್ತು. ಮಧ್ಯಾಹ್ನ ಒಣಹೊಲವು ಕಾದು ಅದರ ಮೇಲಿನ ಗಾಳಿ ಕಂಬದಂತೆ ಏರುತ್ತದೆ. ಪಕ್ಕದ ಕೆರೆಯ ಮೇಲೆ ಹಾಗಾಗುವುದಿಲ್ಲ. ಈ ಎರಡರ ಅಂಚಿನಲ್ಲಿ ಬಟ್ಟೆಯ ರೆಕ್ಕೆಯ ಒಂದು ಪಾರ್ಶ್ವ ಮಡಿಚಿಕೊಳ್ಳುವ ಸಂಭವವುಂಟು. ತೆಂಗಿನ ತೋಟಗಳದು ಬೇರೊಂದು ತೊಡಕು. ಇಪ್ಪತ್ತು ಮೀಟರ್ ಎತ್ತರದ ಮರಗಳ ಸಾಲನ್ನು ದಾಟಿದ ಗಾಳಿಯು ಆಚೆ ಬದಿಯಲ್ಲಿ ಸುಳಿಯಾಗಿ ಮುರಿಯುತ್ತದೆ. ಮರದ ಎತ್ತರದ ಹತ್ತುಪಟ್ಟು, ಅಂದರೆ ಇನ್ನೂರು ಮೀಟರಾದರೂ ದೂರವಿರುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಪಂಪುಸೆಟ್ಟುಗಳಿಗೆ ಹೋಗುವ ವಿದ್ಯುತ್ ತಂತಿಗಳಂತೂ ಮೇಲಿನಿಂದ ಕಣ್ಣಿಗೆ ಬೀಳುವುದೇ ಇಲ್ಲ; ಕಂಬಗಳನ್ನು ನೋಡಿ ತಂತಿಯನ್ನು ಊಹಿಸಬೇಕು.

ನೀರಿನ ಅಪಾಯವನ್ನು ಓದುಗರು ಲಘುವಾಗಿ ಭಾವಿಸಬಾರದು. 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ಇಂಥ ಯಂತ್ರವೊಂದು ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಅಸುನೀಗಿದರು. ನೀರಿಗೆ ಬಿದ್ದವನನ್ನು ಬೆನ್ನಿನ ಎಂಜಿನ್ನು ಕೆಳಕ್ಕೆಳೆಯುತ್ತದೆ. ನೆನೆದ ಬಟ್ಟೆಯೂ ಹತ್ತಾರು ಹಗ್ಗಗಳೂ ಸುತ್ತಿಕೊಳ್ಳುತ್ತವೆ. ಈಜು ಬಲ್ಲವನೂ ಅಲ್ಲಿ ಅಸಹಾಯಕನೇ.

ಹೀಗಿರಲು ಎಂಜಿನ್ನು ನಿಂತರೆ ಎಷ್ಟು ದೂರ ತೇಲಬಹುದೆಂಬ ಲೆಕ್ಕ ಸದಾ ಮನಸ್ಸಿನಲ್ಲಿರಬೇಕು. ಒಂದು ಮೀಟರ್ ಇಳಿಯುವಾಗ ಆರು ಮೀಟರ್ ಮುಂದೆ ಸಾಗುವ ರೆಕ್ಕೆಯು ನಿಶ್ಚಲ ಗಾಳಿಯಲ್ಲಿ ನೂರು ಮೀಟರ್ ಎತ್ತರದಿಂದ ಆರುನೂರು ಮೀಟರ್ ಹೋಗುತ್ತದೆ. ಹಾರಾಟದ ವೇಗ ಸೆಕೆಂಡಿಗೆ 11 ಮೀಟರ್, ಎದುರುಗಾಳಿ 3 ಮೀಟರ್ ಇದ್ದರೆ ಅದು ಸುಮಾರು 435 ಮೀಟರಿಗೆ ಇಳಿಯುತ್ತದೆ. ಐನೂರು ಮೀಟರ್ ಅಗಲದ ಕೆರೆಯನ್ನು ಆ ಎತ್ತರದಲ್ಲಿ ಗಾಳಿಗೆದುರಾಗಿ ದಾಟಹೊರಟವನು, ದಡ ಬಿಟ್ಟೊಡನೆ ಎಂಜಿನ್ನು ನಿಂತರೆ, ಆಚೆ ದಡವನ್ನು ಮುಟ್ಟಲಾರ. ಅವನು ಕೂಡಲೇ ಹಿಂದಕ್ಕೆ ತಿರುಗಬೇಕು. ಏರಿಯನ್ನು ಬಳಸಿಕೊಂಡು ಹೋಗುವವನಿಗಾದರೋ ಹೊಲವು ಯಾವಾಗಲೂ ಕೈಗೆಟುಕುವಂತಿರುತ್ತದೆ.