ಕಂಬದ ಹಿಂದೆ ನೀರು ಬೀಳುತ್ತಾ? ಸ್ಪ್ರಿಂಕ್ಲರ್ ಲೆಕ್ಕ ಕಲಿಯೋಣ

ಸಹಕಾರನಗರದಲ್ಲಿ ಸ್ಪ್ರಿಂಕ್ಲರ್ ಇರುವ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಹೋದಾಗ ಒಮ್ಮೆ ತಲೆ ಎತ್ತಿ ನೋಡಿ. ಪೈಪಿನಲ್ಲಿ ಪುಟ್ಟ ಗಾಜಿನ ಬಲ್ಬ್ ಕಾಣುತ್ತೆ. ಕೆಂಪು ಬಲ್ಬ್ ಸುಮಾರು 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆದು ನೀರು ಬಿಡುತ್ತೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲವೂ ಒಟ್ಟಿಗೆ ಸುರಿಯಲ್ಲ. ಬಿಸಿ ತಾಗಿದ್ದು ಮಾತ್ರ ತೆರೆಯುತ್ತೆ. ಅದಕ್ಕೇ ಒಂದೊಂದು ಸ್ಪ್ರಿಂಕ್ಲರ್ ಎಷ್ಟು ಜಾಗ ಕಾಯುತ್ತೆ ಅನ್ನೋದು ಮುಖ್ಯ. ಇದಕ್ಕೆ ನಾವು ಎರಡು ಲೆಕ್ಕ ಮಾಡಬೇಕು.

ಲೆಕ್ಕ 1: ವಿಸ್ತೀರ್ಣ

ವಿಸ್ತೀರ್ಣ = ಎಸ್ × ಎಲ್

ಒಂದೇ ಪೈಪಿನಲ್ಲಿ ಪಕ್ಕದ ಸ್ಪ್ರಿಂಕ್ಲರ್‌ಗಿರುವ ದೂರ ಮತ್ತು ಗೋಡೆಗಿರುವ ದೂರದ ಎರಡು ಪಟ್ಟು, ಇವೆರಡರಲ್ಲಿ ದೊಡ್ಡದು ಎಸ್. ಪಕ್ಕದ ಪೈಪ್ ಸಾಲಿನ ದಿಕ್ಕಿನಲ್ಲಿ ಹೀಗೇ ಅಳೆದರೆ ಎಲ್.

ಎಸ್ 3.5 ಮೀಟರ್, ಎಲ್ 3.2 ಮೀಟರ್ ಅಂದ್ಕೊಳ್ಳೋಣ. ವಿಸ್ತೀರ್ಣ 11.2 ಚದರ ಮೀಟರ್. ಎನ್‌ಎಫ್‌ಪಿಎ 13 ಮಾನಕದಲ್ಲಿ ಪಾರ್ಕಿಂಗ್ 'ಆರ್ಡಿನರಿ ಹಜಾರ್ಡ್' ವರ್ಗಕ್ಕೆ ಸೇರುತ್ತೆ, ಮಿತಿ 12.1. ಹಾಗಾಗಿ ಪಾಸ್. ಆದರೆ ಸಾಲಿನ ಕೊನೆಯ ಸ್ಪ್ರಿಂಕ್ಲರ್ ಗೋಡೆಯಿಂದ 2 ಮೀಟರ್ ದೂರ ಇದ್ದರೆ ಎಸ್ 4 ಆಗುತ್ತೆ. 4 × 3.2 = 12.8. ಫೇಲ್!

ಲೆಕ್ಕ 2: ನೆರಳು

ಇಲ್ಲಿ ಕಂಬ, ತೊಲೆ ಬಂದರೆ ಅವುಗಳ ಜಾಗವನ್ನು ವಿಸ್ತೀರ್ಣದಿಂದ ಕಳೆಯಬೇಕಾ? ಬೇಡ. ಎಸ್ × ಎಲ್ ಅಷ್ಟೇ ಇರುತ್ತೆ. ಆದರೆ ಟಾರ್ಚ್ ಮುಂದೆ ಕೈ ಹಿಡಿದರೆ ಹಿಂದೆ ಕತ್ತಲಾಗುವ ಹಾಗೆ, ಕಂಬದ ಹಿಂದೆ ನೀರು ಬೀಳದ 'ನೆರಳು' ಉಳಿಯುತ್ತೆ. ಸಾಮಾನ್ಯ ಸ್ಪ್ರಿಂಕ್ಲರ್‌ಗೆ ಮುಖ್ಯ ನಿಯಮಗಳು ಇವು:

• ಅಡ್ಡ ಬರುವ ವಸ್ತುವಿನ ದೊಡ್ಡ ಅಳತೆಯ ಮೂರು ಪಟ್ಟು ದೂರ ಬೇಕು. 100 ಮಿ.ಮೀ. ಪೈಪ್ ಅಡ್ಡ ಬಂದರೆ 300 ಮಿ.ಮೀ. ಆದರೆ ಈ ದೂರ 610 ಮಿ.ಮೀ. ದಾಟಬೇಕಿಲ್ಲ, 300 ಮಿ.ಮೀ. ಕಂಬಕ್ಕೂ 610 ಸಾಕು.
• ತೊಲೆಯಿಂದ 300 ಮಿ.ಮೀ. ಒಳಗೆ ಇದ್ದರೆ, ನೀರು ಚದುರಿಸುವ ತಟ್ಟೆ ತೊಲೆಯ ತಳಕ್ಕಿಂತ ಮೇಲಿರಬಾರದು.
• ಡಕ್ಟ್ 1.2 ಮೀಟರ್‌ಗಿಂತ ಅಗಲವಾಗಿದ್ದರೆ ಅದರ ಕೆಳಗೂ ಸ್ಪ್ರಿಂಕ್ಲರ್ ಹಾಕಬೇಕು.

ಎರಡೂ ಯಾಕೆ ಬೇಕು?

ಕಟ್ಟಡ ಮುಗಿದ ಮೇಲೆ ಯಾರೋ ಹೊಸ ಡಕ್ಟ್ ಹಾಕಿಸ್ತಾರೆ. ಮೊದಲ ಲೆಕ್ಕ ಆಗಲೂ ಪಾಸ್, ಆದರೆ ಡಕ್ಟ್ ಕೆಳಗೆ ನಿಂತ ಕಾರಿಗೆ ನೀರು ತಲುಪದೇ ಇರಬಹುದು. 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು, ಹೊಗೆ ತುಂಬಿ, 9 ಜನ ತೀರಿಕೊಂಡರು. ಅಲ್ಲಿನ ವಿಷಯ ಸ್ಪ್ರಿಂಕ್ಲರ್ ನೆರಳಲ್ಲ. ಆದರೂ ಸುರಕ್ಷತೆ ಡ್ರಾಯಿಂಗ್‌ನಲ್ಲಿ ಇದ್ದರೆ ಸಾಲದು, ಕಟ್ಟಡ ಇವತ್ತು ಹೇಗಿದೆಯೋ ಹಾಗೆ ಪರೀಕ್ಷಿಸಬೇಕು ಅಂತ ನಾವು ಎಂಜಿನಿಯರುಗಳು ಮರೆಯಬಾರದು.

ನಿಮಗೊಂದು ಲೆಕ್ಕ: 200 ಮಿ.ಮೀ. ಚೌಕದ ಕಂಬದಿಂದ ಸ್ಪ್ರಿಂಕ್ಲರ್ 500 ಮಿ.ಮೀ. ದೂರ ಇದೆ. ಸರಿಯಾ?
ಉತ್ತರ: ಇಲ್ಲ. 3 × 200 = 600 ಮಿ.ಮೀ. ಬೇಕು.