ರೈತರ ಜಮೀನಿನಲ್ಲಿ ಮಣ್ಣು–ನೀರು ಸಂರಕ್ಷಣೆ: ಸರ್ಕಾರದ ನೆರವು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಕರ್ನಾಟಕದ ಸಾಗುವಳಿ ಭೂಮಿಯ ಹೆಚ್ಚಿನ ಪಾಲು ಇಂದಿಗೂ ಮಳೆಯನ್ನೇ ನಂಬಿಕೊಂಡಿದೆ. ಇಂಥ ಹೊಲಗಳಿಗೆ ದೊರೆಯುವ ಸರ್ಕಾರಿ ನೆರವಿನಲ್ಲಿ ಬೀಜ, ಗೊಬ್ಬರಗಳ ಸಹಾಯಧನದ ಫಲ ಒಂದು ಹಂಗಾಮಿಗೆ ಮುಗಿಯುತ್ತದೆ. ಬದು, ಕೃಷಿ ಹೊಂಡಗಳು ಹಾಗಲ್ಲ. ಸರಿಯಾಗಿ ನಿರ್ಮಾಣವಾದರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತವೆ, ತಪ್ಪಾಗಿ ನಿರ್ಮಾಣವಾದರೆ ಅಷ್ಟೇ ಕಾಲ ಹೊಲವನ್ನು ಕೆಡಿಸುತ್ತವೆ. ಉದ್ಯೋಗ ಖಾತರಿಯಡಿಯ ಇಂಥ ಕಾಮಗಾರಿಗಳ ಪಟ್ಟಿ ಗ್ರಾಮ ಸಭೆಯ ಮುಂದೆ ಬಂದೇ ಬರುವುದರಿಂದ, ಆ ಪಟ್ಟಿಯನ್ನು ಪರಿಶೀಲಿಸುವ ಬಗೆಯನ್ನು ಮಾನ್ಯ ಸದಸ್ಯರು ಅರಿತಿರುವುದು ಅವಶ್ಯಕ.

ನೆರವು ಮುಖ್ಯವಾಗಿ ಎರಡು ದಾರಿಯಿಂದ ಬರುತ್ತದೆ. ಮೊದಲನೆಯದು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ. ಅದರ ಅನುಸೂಚಿ-1ರ ಪ್ರಕಾರ ವೈಯಕ್ತಿಕ ಜಮೀನಿನ ಕಾಮಗಾರಿಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲೆಮಾರಿ ಸಮುದಾಯ, ಬಡತನ ರೇಖೆಗಿಂತ ಕೆಳಗಿನ ಕುಟುಂಬ, ಮಹಿಳೆ ಅಥವಾ ಅಂಗವಿಕಲರು ಮುಖ್ಯಸ್ಥರಾಗಿರುವ ಕುಟುಂಬ, ಭೂಸುಧಾರಣೆ ಹಾಗೂ ಅರಣ್ಯ ಹಕ್ಕು ಕಾಯ್ದೆಯ ಫಲಾನುಭವಿಗಳು ಮೊದಲಾದವರಿಗೆ ಆದ್ಯತೆ. ಸಣ್ಣ ಮತ್ತು ಅತಿಸಣ್ಣ ರೈತರ ಸರದಿ ಇವರ ನಂತರದ್ದು. ಫಲಾನುಭವಿ ಕುಟುಂಬಕ್ಕೆ ಉದ್ಯೋಗ ಚೀಟಿ ಇರಬೇಕು, ಕುಟುಂಬದವರು ಆ ಕಾಮಗಾರಿಯಲ್ಲಿ ಕೂಲಿ ಮಾಡಬೇಕು, ಗುತ್ತಿಗೆದಾರರಿಗೆ ಅವಕಾಶವಿಲ್ಲ. ಎರಡನೆಯದು ಕೃಷಿ ಇಲಾಖೆಯ ದಾರಿ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ಹೊಂಡ, ಪಾಲಿಥೀನ್ ಹೊದಿಕೆ, ಪಂಪು, ಲಘು ನೀರಾವರಿ ಇವೆಲ್ಲ ಒಂದೇ ಕಟ್ಟಿನಲ್ಲಿ ಬಂದವು. ಒಂದೇ ಸರ್ವೆ ನಂಬರಿನ ಒಂದೇ ಹೊಂಡಕ್ಕೆ ಎರಡೂ ಕಡೆಯಿಂದ ಬಿಲ್ಲಾಗದಂತೆ ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸದಸ್ಯರಿಗೆ ಕಷ್ಟದ ಕೆಲಸವೇನಲ್ಲ.

ಕೃಷಿ ಹೊಂಡದ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ರೈತರ ನಿರೀಕ್ಷೆಯೂ ನಂತರದ ನಿರಾಶೆಯೂ ಇದರಲ್ಲಿಯೇ ಇದೆ. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವೆಂದೊಡನೆ 300 ಘನಮೀಟರ್ ನೀರೆಂದು ಬಹುಮಂದಿ ಎಣಿಸುತ್ತಾರೆ. ಆದರೆ ಮಣ್ಣಿನ ಗೋಡೆ ನೆಟ್ಟಗೆ ನಿಲ್ಲದು. ಒಂದಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ತಳವು 4 ಮೀಟರ್ ಚೌಕಕ್ಕೆ ಇಳಿಯುತ್ತದೆ. ಆಗ ಮೇಲ್ಮೈ 100, ತಳ 16, ನಡುಮಟ್ಟ 49 ಚದರಮೀಟರ್; ನಡುಮಟ್ಟವನ್ನು ನಾಲ್ಕರಿಂದ ಗುಣಿಸಿ ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ, ಆಳದಿಂದ ಗುಣಿಸಿದರೆ ದೊರೆಯುವುದು 156 ಘನಮೀಟರ್ ಮಾತ್ರ. ಅಳತೆ ಪುಸ್ತಕದಲ್ಲಿ ಈ ಗಾತ್ರದ ಹೊಂಡಕ್ಕೆ 300 ಘನಮೀಟರ್ ಅಗೆತ ಬರೆದಿದ್ದರೆ ಸದಸ್ಯರು ಪ್ರಶ್ನಿಸಬಹುದು. ಒಂದು ಎಕರೆಗೆ 5 ಸೆಂಟಿಮೀಟರಿನಂತೆ ಒಮ್ಮೆ ನೀರು ಹಾಯಿಸಲು ಸುಮಾರು 200 ಘನಮೀಟರ್ ಬೇಕು; ಅಂದರೆ ತುಂಬಿದ ಹೊಂಡವೂ ಒಂದು ಎಕರೆಗೆ ಒಂದು ಸಲಕ್ಕೂ ಸಾಲದು. ತುಂತುರು ನೀರಾವರಿಯಲ್ಲಿ 3 ಸೆಂಟಿಮೀಟರ್ ಕೊಟ್ಟರೆ ಸುಮಾರು 120 ಘನಮೀಟರ್ ಸಾಕು. ಹೂ, ಕಾಯಿ ಕಟ್ಟುವ ವೇಳೆಗೆ ಮಳೆ ಕೈಕೊಟ್ಟಾಗ ಆ ಒಂದು ನೀರೇ ಬೆಳೆಯನ್ನು ಉಳಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಈ ಹೊಂಡದಿಂದ ಬಯಸುವ ರೈತನಿಗೆ ಅರ್ಜಿಯ ದಿನವೇ ಲೆಕ್ಕವನ್ನು ತಿಳಿಸಿಹೇಳುವುದು ಒಳಿತು. ಮಸಾರಿ ಭೂಮಿಯಲ್ಲಿ ಹೊದಿಕೆಯಿಲ್ಲದ ಹೊಂಡದ ನೀರು ಬೇಗ ಇಂಗುತ್ತದೆ. ಅಂತರ್ಜಲಕ್ಕೆ ಅದು ಲಾಭವೇ ಆದರೂ ಬೆಳೆಗೆ ಸಂಗ್ರಹವಾಗಿ ಉಳಿಯದು. ಹರಿದುಬರುವ ನೀರಿನ ಬಾಯಿಯಲ್ಲಿ ಹೂಳು ತಡೆಯುವ ಗುಂಡಿ ಇಲ್ಲದಿದ್ದರೆ ಕೆಲವೇ ಮಳೆಗಾಲಗಳಲ್ಲಿ ಹೊಂಡ ಹೂಳಿನಿಂದ ತುಂಬುತ್ತದೆ.

ಬದುವಿನ ವಿಷಯದಲ್ಲಿ ಹಳೆಯ ಅನುಭವವೊಂದಿದೆ. ಮುಂಬೈ ಪ್ರಾಂತದ 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಅಂದು ಆ ಪ್ರಾಂತಕ್ಕೆ ಸೇರಿದ್ದ ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಅನ್ವಯಿಸಿತ್ತು. ಮುಂದೆ ಸಮಪಾತಳಿ ಬದುಗಳು ವ್ಯಾಪಕವಾದಂತೆ, ಆಳವಾದ ಎರೆ ಭೂಮಿಯಲ್ಲಿ ಬೇಸಿಗೆಯ ಬಿರುಕುಗಳ ಮೂಲಕ ನೀರು ನುಗ್ಗಿ ಬದು ಒಡೆಯುವುದೂ, ಬದುವಿನ ಮೇಲ್ಬದಿಯಲ್ಲಿ ನೀರು ನಿಂತು ಬೆಳೆ ಕೊಳೆಯುವುದೂ ಕಂಡುಬಂದಿತು. ಆದ್ದರಿಂದ ಎರೆ ಭೂಮಿಗೆ ನೀರನ್ನು ನಿಧಾನವಾಗಿ ಹೊರಗೊಯ್ಯುವ ಇಳಿಜಾರು ಬದು, ನೀರು ಇಂಗುವ ಮಸಾರಿ ಭೂಮಿಗೆ ಸಮಪಾತಳಿ ಬದು ಎಂಬ ಭೇದವನ್ನು ಅಂದಾಜುಪಟ್ಟಿಯಲ್ಲಿ ಕಾಣಬೇಕು. ಒಂದೇ ಅಂದಾಜುಪಟ್ಟಿಯನ್ನು ಇಡೀ ಪಂಚಾಯಿತಿಗೆ ನಕಲು ಮಾಡಿದ್ದರೆ ಅದು ಹೊಲ ನೋಡದೆ ಬರೆದದ್ದೆಂದು ತಿಳಿಯಬಹುದು.

ಬದುವು ನೆಲ ನುಂಗುತ್ತದೆ ಎಂಬ ರೈತರ ಆಕ್ಷೇಪ ಸುಳ್ಳಲ್ಲ. ಒಂದೂವರೆ ಮೀಟರ್ ಪಾದದ ಬದು 100 ಮೀಟರ್ ಉದ್ದಕ್ಕೆ ಒಂದೂವರೆ ಗುಂಟೆಯಷ್ಟು ಜಾಗ ತೆಗೆದುಕೊಳ್ಳುತ್ತದೆ. ತೊಗರಿ, ಮೇವಿನ ಹುಲ್ಲು ಬೆಳೆಸಿದರೆ ಅದರಲ್ಲಿ ಸ್ವಲ್ಪ ಹಿಂದಿರುಗುತ್ತದೆ. ಇದಕ್ಕಿಂತ ದೊಡ್ಡ ತಂಟೆ ಕೋಡಿಯದು. ಮೇಲಿನ ಹೊಲದ ಕೋಡಿ ನೀರು ಕೆಳಗಿನವರ ಹೊಲದಲ್ಲಿ ಕೊರಕಲು ತೋಡಿದರೆ ಸಂರಕ್ಷಣೆಯ ಕಾಮಗಾರಿಯೇ ಇಬ್ಬರು ರೈತರ ನಡುವಿನ ವ್ಯಾಜ್ಯಕ್ಕೆ ಕಾರಣವಾಗುತ್ತದೆ. ಜಲಾನಯನ ಕಾಮಗಾರಿಯು ದಿಣ್ಣೆಯಿಂದ ಹಳ್ಳದತ್ತ ಸಾಗಬೇಕೆಂಬ ನಿಯಮ ಇದಕ್ಕಾಗಿಯೇ. ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ 2001ರಿಂದ 2009ರವರೆಗೆ ನಡೆದ ಸುಜಲ ಯೋಜನೆಯೂ ಹಳ್ಳಿಯ ಜನರನ್ನೇ ಯೋಜನೆ ರೂಪಿಸುವುದರಲ್ಲಿ ತೊಡಗಿಸಿತ್ತು. ಪ್ರಭಾವಿಗಳ ಹೊಲಗಳನ್ನು ಹೆಕ್ಕಿ ತಯಾರಿಸಿದ ಪಟ್ಟಿಯಲ್ಲಿ ಈ ಕ್ರಮ ಉಳಿಯದು. ಗ್ರಾಮ ನಕ್ಷೆಯ ಮೇಲೆ ಸರ್ವೆ ನಂಬರುಗಳನ್ನು ಗುರುತು ಮಾಡಿದರೆ ಕಾಮಗಾರಿಗಳು ಒಂದು ಇಳಿಜಾರಿನುದ್ದಕ್ಕೂ ಇವೆಯೋ, ಅಲ್ಲಲ್ಲಿ ಚದುರಿವೆಯೋ ಎಂಬುದು ಕೂಡಲೇ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಇಲ್ಲದ ಹೆಸರುಗಳನ್ನೂ ಸದಸ್ಯರು ವಿಚಾರಿಸಬೇಕು. ತಾತನ ಹೆಸರಿನಲ್ಲಿಯೇ ಉಳಿದ ಪಹಣಿ, ಆಗದ ಪೌತಿ ಖಾತೆ, ಫ್ರೂಟ್ಸ್ ಗುರುತಿನ ಸಂಖ್ಯೆಗೆ ಜೋಡಣೆಯಾಗದ ಸರ್ವೆ ನಂಬರು, ಇವುಗಳಿಂದಾಗಿ ನಿಜವಾಗಿ ಉಳುವವರೇ ನೆರವಿನಿಂದ ಹೊರಗುಳಿಯುತ್ತಾರೆ. ಗಂಡನನ್ನು ಕಳೆದುಕೊಂಡು ಬೇಸಾಯ ನಡೆಸುವ ಮಹಿಳೆಯರಿಗೆ ಈ ತೊಡಕು ಹೆಚ್ಚು. ಕಾಯ್ದೆ ಅವರನ್ನು ಆದ್ಯತೆಯಲ್ಲಿಟ್ಟರೂ ದಾಖಲೆ ಅವರನ್ನು ತಡೆಯುತ್ತದೆ. ಕ್ರಿಯಾ ಯೋಜನೆಗೆ ಮುನ್ನ ವಾರ್ಡ್ ಸಭೆಯಲ್ಲಿಯೇ ಇಂಥ ಕುಟುಂಬಗಳನ್ನು ಗುರುತಿಸಿ ಗ್ರಾಮ ಆಡಳಿತ ಅಧಿಕಾರಿಯ ಬಳಿಗೆ ಕಳುಹಿಸಿದರೆ ಮುಂದಿನ ಸಾಲಿಗಾದರೂ ಅವರ ಹೆಸರು ಬರುತ್ತದೆ.

ತುಂಬಿದ ಹೊಂಡ ಮಕ್ಕಳಿಗೂ ದನಕರುಗಳಿಗೂ ಅಪಾಯ. ಪಾಲಿಥೀನ್ ಹೊದಿಕೆ ಜಾರುವುದರಿಂದ ಬಿದ್ದವರು ಮೇಲೇರಲಾರರು. ಕೃಷಿ ಭಾಗ್ಯದಲ್ಲಿ ತಂತಿಬೇಲಿಗೂ ನೆರವು ಸೇರಿದೆ. ಬೇಲಿಯಿಲ್ಲದ ಹಳೆಯ ಹೊಂಡಗಳ ಪಟ್ಟಿಯನ್ನು ಪ್ರತಿ ಪಂಚಾಯಿತಿಯೂ ಮಳೆಗಾಲಕ್ಕೆ ಮೊದಲೇ ಸಿದ್ಧಪಡಿಸಿ, ಬೇಲಿಯಾಗುವ ತನಕ ಗಂಟು ಹಾಕಿದ ಹಗ್ಗವನ್ನಾದರೂ ಅಂಚಿನಿಂದ ಇಳಿಬಿಡುವಂತೆ ರೈತರಿಗೆ ತಿಳಿಸಬೇಕು.

ಜಮೀನಿಲ್ಲದ ಕುರಿಗಾಹಿಗಳಿಗೆ ಬದುವೂ ಇಲ್ಲ, ಹೊಂಡವೂ ಇಲ್ಲ. ಅವರ ಆಸರೆ ಗೋಮಾಳ. ಕರ್ನಾಟಕ ಭೂಕಂದಾಯ ನಿಯಮಗಳು 1966ರ 97ನೇ ನಿಯಮವು ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಮೇವಿನ ಭೂಮಿಯನ್ನು ಕಾದಿರಿಸಬೇಕೆನ್ನುತ್ತದೆ. ತಮ್ಮ ಗ್ರಾಮಗಳ ಜಾನುವಾರು ಸಂಖ್ಯೆಯನ್ನೂ ಉಳಿದಿರುವ ಗೋಮಾಳದ ವಿಸ್ತೀರ್ಣವನ್ನೂ ಸದಸ್ಯರು ತಾಳೆ ನೋಡಿ, ಕೊರತೆಯಿದ್ದಲ್ಲಿ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಬಹುದು. ಉಳಿದ ಗೋಮಾಳದಲ್ಲಿ ಕಂದಕ, ಮೇವಿನ ಹುಲ್ಲು, ಕುಡಿಯುವ ನೀರಿನ ತೊಟ್ಟಿಗಳನ್ನು ಸಮುದಾಯ ಕಾಮಗಾರಿಯಾಗಿ ಅದೇ ಕ್ರಿಯಾ ಯೋಜನೆಯಲ್ಲಿ ಸೇರಿಸಲು ಅವಕಾಶವಿದೆ.