ಸ್ಪೇನಿನಲ್ಲಿ ಗಂಟೆಯನ್ನು ಕೇಳುವ ಬಗೆ

ಸ್ಪೇನಿಗೆ ಹೊರಟ ಕನ್ನಡಿಗನು ಆ ದೇಶದ ಭಾಷೆಯಲ್ಲಿ ಬೇರೇನನ್ನೂ ಕಲಿಯದೆ ಹೋದರೂ, ಹೊತ್ತನ್ನು ಕೇಳುವುದಕ್ಕೂ ಹೇಳಿದುದನ್ನು ಗ್ರಹಿಸುವುದಕ್ಕೂ ಬೇಕಾದ ನಾಲ್ಕಾರು ವಾಕ್ಯಗಳನ್ನಾದರೂ ಅಭ್ಯಾಸ ಮಾಡಿಕೊಳ್ಳತಕ್ಕದ್ದು. ಅಲ್ಲಿಯ ದಿನವು ನಮ್ಮ ದಿನದಂತೆ ಹರಿಯುವುದಿಲ್ಲ. ಹೊತ್ತು ತಿಳಿಯದವನಿಗೆ ಎಷ್ಟೋ ಬಾಗಿಲುಗಳು ಮುಚ್ಚಿಯೇ ಇರುತ್ತವೆ.

"ಕೆ ಓರಾ ಎಸ್?" ಎಂದರೆ ಗಂಟೆ ಎಷ್ಟೆಂದು ಕೇಳಿದಂತೆ. ಉತ್ತರದಲ್ಲಿ ಒಂದು ಗಂಟೆಗೆ ಮಾತ್ರ ಏಕವಚನ, "ಎಸ್ ಲಾ ಊನಾ". ಎರಡರಿಂದ ಹನ್ನೆರಡರವರೆಗೆ ಬಹುವಚನ, "ಸೋನ್ ಲಾಸ್ ದೋಸ್", "ಸೋನ್ ಲಾಸ್ ತ್ರೇಸ್". ಇದಕ್ಕೆ "ಈ ಕ್ವಾರ್ತೋ" ಸೇರಿದರೆ ಕಾಲು, "ಈ ಮೇದಿಯಾ" ಸೇರಿದರೆ ಅರ್ಧ. ಇಲ್ಲಿಯವರೆಗೆ ಎಲ್ಲವೂ ನಮ್ಮ ಎರಡೂಕಾಲು, ಎರಡೂವರೆಗಳ ಕ್ರಮವೇ. ಅರ್ಧ ಕಳೆದೊಡನೆ ಲೆಕ್ಕವು ದಿಕ್ಕು ಬದಲಿಸಿ, ಮುಂಬರುವ ಗಂಟೆಯಿಂದ ಕಳೆಯುವುದಾಗುತ್ತದೆ: ನಮ್ಮ ಎರಡೂಮುಕ್ಕಾಲು ಅವರ ಬಾಯಲ್ಲಿ "ತ್ರೇಸ್ ಮೇನೋಸ್ ಕ್ವಾರ್ತೋ", ಅಂದರೆ ಮೂರಕ್ಕೆ ಕಾಲು ಕಡಮೆ. ಮುಕ್ಕಾಲಿಗೆ ಒಗ್ಗಿದ ಕಿವಿಯು "ತ್ರೇಸ್" ಎಂಬುದಷ್ಟನ್ನೇ ಹಿಡಿದು, ಮೂರು ದಾಟಿದ ಮೇಲೆಯೇ ಬಸ್ಸು ಎಂದು ಬಗೆದರೆ, ಬಸ್ಸು ಹೋಗಿಯೇ ಬಿಟ್ಟೀತು. ಸಂದೇಹವಿದ್ದಾಗ ಕಾಗದದ ಮೇಲೆ ಅಂಕಿಯಲ್ಲಿ ಬರೆಯಿಸಿಕೊಳ್ಳುವುದು ಉತ್ತಮ.

ಬೆಳಗು "ಮಾನ್ಯಾನಾ", ಮಧ್ಯಾಹ್ನೋತ್ತರ "ತಾರ್ದೆ", ರಾತ್ರಿ "ನೋಚೆ". ಇವುಗಳ ಗಡಿಯನ್ನು ನಿರ್ಣಯಿಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಊಟ ಮತ್ತು ಬೆಳಕು. 1940ರಲ್ಲಿ ಸ್ಪೇನ್ ತನ್ನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ಪುನಃ ಹಿಂದಕ್ಕೆ ತಾರದೆ ಬಿಟ್ಟ ಕಾರಣ, ಗ್ರೀನಿಚ್ಚಿಗೆ ಪಶ್ಚಿಮದಲ್ಲಿರುವ ಮ್ಯಾಡ್ರಿಡ್ಡಿನಲ್ಲಿ ಸೂರ್ಯನು ಗಡಿಯಾರಕ್ಕಿಂತ ಬಹಳ ತಡವಾಗಿ ಚಲಿಸುತ್ತಾನೆ. ಜೂನಿನಲ್ಲಿ ಅಸ್ತಮಾನವು ರಾತ್ರಿ ಒಂಬತ್ತೂಮುಕ್ಕಾಲರ ಸುಮಾರಿಗೆ. ಆದುದರಿಂದ ಎಂಟು ಗಂಟೆಯೂ ಅವರಿಗೆ "ತಾರ್ದೆ"ಯೇ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯೂಟ ಒಂಬತ್ತರ ಮೇಲೆ. ಏಳು ಗಂಟೆಗೆ ಉಣ್ಣುವ ಅಭ್ಯಾಸವುಳ್ಳವರು ಸಂಜೆಗೆ ಏನಾದರೂ ಕೊಂಡಿಟ್ಟುಕೊಳ್ಳಲಿ. ಎಷ್ಟೋ ಭೋಜನಶಾಲೆಗಳ ಅಡುಗೆಮನೆ ಆ ವೇಳೆಗೆ ತೆರೆದಿರುವುದಿಲ್ಲ.

ಅಂಗಡಿಯ ಬಾಗಿಲಲ್ಲಿ "ಓರಾರಿಯೋ" ಎಂಬ ಫಲಕವಿರುತ್ತದೆ. ಅದರಲ್ಲಿ ಇಪ್ಪತ್ತನಾಲ್ಕು ಗಂಟೆಯ ಕ್ರಮವೇ ರೂಢಿ. "10:00ರಿಂದ 14:00, ಮತ್ತು 17:00ರಿಂದ 20:30" ಎಂಬಂತಹ ಬರಹದಲ್ಲಿ ಆ "ಮತ್ತು" ಎಂಬುದನ್ನು, ಅಂದರೆ "ಈ" ಎಂಬ ಒಂದಕ್ಷರವನ್ನು, ಕಡೆಗಣಿಸಬಾರದು: ನಡುವಣ ಮೂರು ಗಂಟೆ ಅಂಗಡಿ ಮುಚ್ಚಿರುತ್ತದೆ. ದೊಡ್ಡ ಮಳಿಗೆಗಳಿಗೆ ಈ ವಿರಾಮವಿಲ್ಲ. ಸಣ್ಣ ಅಂಗಡಿಗಳಲ್ಲಿಯೂ ಸಣ್ಣ ಊರುಗಳಲ್ಲಿಯೂ ಅದು ಇನ್ನೂ ಉಂಟು. ವಾರಗಳನ್ನು ಒಂದೊಂದೇ ಅಕ್ಷರದಿಂದ ಸೂಚಿಸಿದಾಗ ಎಕ್ಸ್ ಎಂಬುದು ಬುಧವಾರ. ಮಂಗಳವಾರಕ್ಕೂ ಬುಧವಾರಕ್ಕೂ ಆದ್ಯಕ್ಷರ ಒಂದೇ ಆದುದರಿಂದ ಈ ಏರ್ಪಾಡು. "ಅಬಿಯೆರ್ತೋ" ತೆರೆದಿದೆ, "ಥೆರ್ರಾದೋ" ಮುಚ್ಚಿದೆ, "ಫೆಸ್ತೀವೋಸ್" ಹಬ್ಬದ ರಜಾದಿನಗಳು. ರಾತ್ರಿ ಔಷಧ ಬೇಕಾದರೆ, ಮುಚ್ಚಿದ ಔಷಧದಂಗಡಿಯ ಬಾಗಿಲಲ್ಲಿಯೇ "ಫಾರ್ಮಾಸಿಯಾ ದೆ ಗುವಾರ್ದಿಯಾ", ಅಂದರೆ ಸರದಿಯಲ್ಲಿ ತೆರೆದಿರುವ ಅಂಗಡಿ ಯಾವುದೆಂಬ ಸೂಚನೆ ಸಾಮಾನ್ಯವಾಗಿ ದೊರೆಯುತ್ತದೆ.

ಪ್ರಾದೋ ಚಿತ್ರಶಾಲೆಯು ಸೋಮವಾರದಿಂದ ಶನಿವಾರದವರೆಗೆ 10ರಿಂದ 20 ಗಂಟೆಗೆ, ಭಾನುವಾರ ಮತ್ತು ರಜಾದಿನಗಳಲ್ಲಿ 19ರವರೆಗೆ ತೆರೆದಿದ್ದು, ಕಡೆಯ ಎರಡು ಗಂಟೆ ಪ್ರವೇಶವು ಉಚಿತ. ಆದರೆ ವೆಲಾಸ್ಕೆಸ್ ಮತ್ತು ಗೋಯರ ಮುಂದೆ ಮನಸ್ಸು ನಿಲ್ಲಬೇಕೆನ್ನುವವರು ಹಣ ಕೊಟ್ಟು ಬೆಳಗ್ಗೆಯೇ ಹೋಗಲೆಂಬುದು ನನ್ನ ಅಭಿಪ್ರಾಯ. ಪಿಕಾಸೋನ ಗೆರ್ನಿಕಾ ಇರುವ ರೇನಾ ಸೋಫಿಯಾಕ್ಕೆ ಮಂಗಳವಾರ ರಜೆ. ಗ್ರಾನಾಡದ ಅಲ್ಹಾಂಬ್ರದಲ್ಲಿ ನಸ್ರಿದ್ ಅರಮನೆಗಳಿಗೆ ಚೀಟಿಯಲ್ಲಿ ಮುದ್ರಿಸಿದ ಹೊತ್ತಿಗೇ ಪ್ರವೇಶ. ಎಲ್ಲಿಯೇ ಆಗಲಿ, "ಆ ಕೆ ಓರಾ ಥಿಯೆರ್ರಾನ್?" ಎಂದು ಮುಚ್ಚುವ ಹೊತ್ತನ್ನು ಕೇಳಿದ ಮೇಲೆ "ಊಲ್ತಿಮಾ ಎಂತ್ರಾದಾ?" ಎಂದು ಕಡೆಯ ಪ್ರವೇಶದ ಹೊತ್ತನ್ನೂ ಕೇಳಿಕೊಳ್ಳಿ, ಅದು ಮೊದಲೇ ಮುಗಿಯುತ್ತದೆ.

ಮನೆಗೆ ದೂರವಾಣಿ ಮಾಡುವವರು, ಸ್ಪೇನ್ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆಯೂ ಬೇಸಗೆಯಲ್ಲಿ ಮೂರೂವರೆ ಗಂಟೆಯೂ ಹಿಂದಿರುತ್ತದೆಂದು ಎಣಿಸಿಕೊಳ್ಳಬೇಕು. ಕನೇರಿ ದ್ವೀಪಗಳಿಗೆ ಹೋಗುವುದಾದರೆ ಇನ್ನೂ ಒಂದು ಗಂಟೆ ಹಿಂದಕ್ಕೆ.